ಸುಂಟೊ ಜೂಪ್ ನೋವೊ: ಘಾಟಿ ಹತ್ತಿ ಮನೆ ಸೇರುವ ಹೊಸ ಡೈವರ್‌ಗೆ ಸಾಕೇ?

ಓಪನ್ ವಾಟರ್ ಕಾರ್ಡ್, ಅಂದರೆ ಸ್ಕೂಬಾ ಡೈವಿಂಗ್‌ನ ಮೊದಲ ಕೋರ್ಸಿನ ಪ್ರಮಾಣಪತ್ರ, ಕೈಗೆ ಬಂದ ಕೂಡಲೇ ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್), ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್‌ಗಳ ಬೆಲೆ ವಿಚಾರಿಸುವವರೇ ಹೆಚ್ಚು. ವರ್ಷಕ್ಕೆ ಒಂದೆರಡು ಸಲ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಬರುವ ಕೊಡಗಿನವರಿಗೆ ಅವೆರಡೂ ಬಾಡಿಗೆಯಲ್ಲೇ ಸಾಕು. ಸ್ವಂತಕ್ಕೆ ಬೇಕಾದದ್ದು ಮುಖಕ್ಕೆ ಕೂರುವ ಮಾಸ್ಕ್, ಆಮೇಲೆ ಆಳ, ಸಮಯ ನೋಡಿ ಇನ್ನೆಷ್ಟು ಹೊತ್ತು ನೀರಿನಡಿ ಇರಬಹುದೆಂದು ಲೆಕ್ಕ ಹಾಕುವ ಡೈವ್ ಕಂಪ್ಯೂಟರ್. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ನೋಡಿ. ಕೈ ಬಿಟ್ಟರೂ ಬೀಳದಿದ್ದರೆ ಅಳತೆ ಸರಿ. ಮಾಸ್ಕಿನ ವಿಷಯ ಇಷ್ಟೇ.

ಸುಂಟೊ ಕಂಪನಿಯ ಡೈವ್ ಕಂಪ್ಯೂಟರ್ ಜೂಪ್ ನೋವೊ ಹಳೆಯ ಮಾದರಿ. ಬಣ್ಣದ ಪರದೆ ಇಲ್ಲ, ದಿಕ್ಸೂಚಿ ಇಲ್ಲ, ಸಿಲಿಂಡರಿನ ಒತ್ತಡ ತೋರಿಸುವುದಿಲ್ಲ. ಆದರೆ ಅಂಕಿಗಳು ದಪ್ಪ, ಗುಂಡಿಗಳು ನಾಲ್ಕು, ಗ್ಲೌಸ್ ಹಾಕಿಕೊಂಡೂ ಒತ್ತಬಹುದು. ಗಾಳಿಯ ಜೊತೆಗೆ, ಆಮ್ಲಜನಕ ಹೆಚ್ಚಿಸಿದ ಗಾಳಿಯಾದ ನೈಟ್ರಾಕ್ಸ್‌ಗೂ (50 ಶೇಕಡಾ ಆಮ್ಲಜನಕದವರೆಗೆ) ಲೆಕ್ಕ ಹಾಕುತ್ತದೆ. ಸಿಆರ್2450 ಬ್ಯಾಟರಿಯನ್ನು ನಾವೇ ಬದಲಾಯಿಸಬಹುದು. ನೀರು ತಡೆಯುವ ರಬ್ಬರ್ ಬಳೆ ಒ-ರಿಂಗ್ ಮೇಲೆ ಒಂದು ಕೂದಲೆಳೆ ಕೂತರೂ ನೀರು ಒಳನುಗ್ಗುತ್ತದೆ ಎಂಬುದು ನೆನಪಿರಲಿ. ಎರಡು ಡೈವ್‌ಗಳ ನಡುವಿನ ಬಿಡುವು ಕಡಿಮೆಯಾದರೆ ಇದರ ಲೆಕ್ಕ ಸ್ವಲ್ಪ ಜಿಪುಣ, ಮುಂದಿನ ಡೈವ್‌ಗೆ ಕಡಿಮೆ ಸಮಯ ಕೊಡುತ್ತದೆ. ಹೊಸಬರಿಗೆ ಅದು ದೋಷವಲ್ಲ.

ಎತ್ತರದ ಸೆಟ್ಟಿಂಗ್‌ನಲ್ಲಿ ನಮ್ಮವರು ಎಡವುವುದುಂಟು. ಎ0 ಎಂದರೆ 300 ಮೀಟರ್‌ವರೆಗೆ, ಎ1 ಎಂದರೆ 300ರಿಂದ 1,500, ಎ2 ಎಂದರೆ 3,000ದವರೆಗೆ. ಇದು ಡೈವ್ ಮಾಡುವ ಜಾಗದ ಎತ್ತರ, ಮನೆಯದ್ದಲ್ಲ. ಮಡಿಕೇರಿ 1,150 ಮೀಟರ್ ಆಸುಪಾಸಿನಲ್ಲಿದೆ ಎಂದು ಎ1 ಇಟ್ಟುಕೊಂಡು ಸಮುದ್ರಕ್ಕಿಳಿದರೆ ಅಪಾಯವೇನಿಲ್ಲ, ತಳದಲ್ಲಿ ಸಿಗುವ ನಿಮಿಷಗಳು ಸುಮ್ಮನೆ ಕಡಿಮೆಯಾಗುತ್ತವೆ.

ಅಪಾಯ ಇರುವುದು ವಾಪಸು ದಾರಿಯಲ್ಲಿ. ಡೈವ್ ಆದ ಮೇಲೆ ವಿಮಾನ ಹತ್ತಬಾರದೆಂದು ಎಲ್ಲರಿಗೂ ಗೊತ್ತು. ಸಂಪಾಜೆ ಘಾಟಿಯೂ ಅದೇ ಲೆಕ್ಕಕ್ಕೆ ಬರುತ್ತದೆಂದು ಹೊಳೆಯುವುದಿಲ್ಲ. ಡೈವರ್‌ಗಳ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಮಾರ್ಗಸೂಚಿ ಸುಮಾರು 600ರಿಂದ 2,400 ಮೀಟರ್ ಎತ್ತರದ ಒತ್ತಡಕ್ಕೆ ಅನ್ವಯಿಸುತ್ತದೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಎರಡು ಅಥವಾ ಹೆಚ್ಚಾಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಮಡಿಕೇರಿ ಆ ಎತ್ತರದೊಳಗೇ ಬರುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು, ದೇಹದಲ್ಲಿ ಉಳಿದ ನೈಟ್ರೋಜನ್ ಗುಳ್ಳೆಗಟ್ಟಬಹುದು. ಎರಡನೇ ಡೈವ್ ಮಧ್ಯಾಹ್ನ 12ಕ್ಕೆ ಮುಗಿಸಿ ಊಟ ಮಾಡಿ ಹೊರಟರೆ ರಾತ್ರಿಯೇ ಮಡಿಕೇರಿ. 18 ಗಂಟೆ ತುಂಬುವುದು ಮರುದಿನ ಬೆಳಿಗ್ಗೆ 6ಕ್ಕೆ. ಮಂಗಳೂರಿನಲ್ಲೋ ಸುಳ್ಯದಲ್ಲೋ ಉಳಿದು, ತಿಂಡಿ ಮುಗಿಸಿ ಘಾಟಿ ಹತ್ತಿ. ಆಗುಂಬೆ ದಾರಿ ಹಿಡಿದರೂ ನಿಯಮ ಅದೇ.

ಇನ್ನೂ ಮೇಲೆ ಹೋಗಬೇಡಿ ಎಂದು ಕಂಪ್ಯೂಟರ್ ತೋರಿಸುವ ವಿಮಾನದ ಚಿಹ್ನೆಯೊಂದನ್ನೇ ನಂಬಬೇಡಿ. ಅದು ಕನಿಷ್ಠ 12 ಗಂಟೆ ಇರುತ್ತದೆ, ಎರಡು ಡೈವ್ ಆದ ಮೇಲೂ 18ಕ್ಕಿಂತ ಮೊದಲೇ ಮಾಯವಾಗಬಹುದು. ಯಾವುದು ಹೆಚ್ಚೋ ಅಷ್ಟು ಕಾಯಿರಿ. ಮನೆ ಮುಟ್ಟಿದ ಮೇಲೆ ಭುಜ ಅಥವಾ ಮೊಣಕಾಲು ನೋವು, ಜೋಮು, ವಿಪರೀತ ಸುಸ್ತು ಕಂಡರೆ ಸಿಲಿಂಡರ್ ಹೊತ್ತ ನೋವೆಂದು ಬಾಮ್ ಹಚ್ಚಿ ಮಲಗಬೇಡಿ. ಆಮ್ಲಜನಕ ಇರುವ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲೇ ಹೇಳಿ.

ಮುಂದಿನ ಕೋರ್ಸ್? ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಅಡ್ವಾನ್ಸ್‌ಡ್ ಓಪನ್ ವಾಟರ್‌ನಲ್ಲಿ ಐದು ಡೈವ್. ಆಳದ್ದು, ದಿಕ್ಕು ಹಿಡಿಯುವುದು ಕಡ್ಡಾಯ, ಉಳಿದ ಮೂರು ನಮ್ಮ ಆಯ್ಕೆ. ಆಳದ ಮಿತಿ 18ರಿಂದ 30 ಮೀಟರ್‌ಗೆ ಏರುತ್ತದೆ. ಆ ಮೂರರಲ್ಲಿ ಒಂದಕ್ಕೆ ತೇಲುವಿಕೆಯ ನಿಯಂತ್ರಣವನ್ನೇ ಆರಿಸಿಕೊಳ್ಳಿ, ರಾತ್ರಿ ಡೈವ್ ಕಾಯಬಹುದು. ಹೊಸಬರು ಮುಳುಗಲು ಬೇಕಾದ್ದಕ್ಕಿಂತ ಹೆಚ್ಚು ಸೀಸದ ತೂಕ ಕಟ್ಟಿಕೊಂಡು, ಅದನ್ನು ಎತ್ತಲು ಬಿಸಿಡಿಗೆ ಹೆಚ್ಚು ಗಾಳಿ ತುಂಬಿ, ಸ್ವಲ್ಪ ಮೇಲೇರಿದರೂ ಆ ಗಾಳಿ ಹಿಗ್ಗಿ ಮೇಲಕ್ಕೆ ಚಿಮ್ಮುತ್ತಾರೆ. ಸಿಲಿಂಡರಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಾಗ 5 ಮೀಟರ್‌ನಲ್ಲಿ ಬಿಸಿಡಿ ಖಾಲಿ ಮಾಡಿಯೂ ನಿಂತಲ್ಲೇ ನಿಲ್ಲಲು ಬರಬೇಕು. ಸೀಸ ಸರಿಯಿದೆಯೇ ಎಂಬ ಈ ಪರೀಕ್ಷೆಯನ್ನು ಡೈವ್‌ನ ಕೊನೆಯಲ್ಲೇ ಮಾಡಬೇಕು: 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರ್ ಬಳಸುತ್ತ ಬಂದಂತೆ ಸುಮಾರು 2 ಕೆ.ಜಿ. ಹಗುರಾಗುತ್ತದೆ.

ಇನ್ನು ನಮ್ಮ ಮಳೆಗಾಲ. ಜೂಪ್ ನೀರು ತಗುಲಿದರೆ ತಾನೇ ಆನ್ ಆಗುತ್ತದೆ. ನೀರನ್ನು ಗುರುತಿಸುವ ಸಂಪರ್ಕ ಬಿಂದುಗಳಲ್ಲಿ ಉಪ್ಪು, ತೇವ ಉಳಿದರೆ ಪೆಟ್ಟಿಗೆಯೊಳಗೇ ಎಚ್ಚರವಿದ್ದು ಬ್ಯಾಟರಿ ತಿನ್ನುತ್ತದೆ. ಸಿಹಿನೀರಿನಲ್ಲಿ ನೆನೆಸಿ, ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಗೆ ಹಾಕಿ. ಮಾಸ್ಕಿಗೂ ಇದೇ ಉಪಚಾರ. ತೇವದಲ್ಲಿ ಮುಚ್ಚಿಟ್ಟರೆ ಸಿಲಿಕೋನ್‌ಗೆ ಹಿಡಿಯುವ ಕಪ್ಪು ಬೂಷ್ಟು ಉಜ್ಜಿದರೂ ಪೂರ್ತಿ ಹೋಗುವುದು ಕಷ್ಟ. ಕಾಫಿ ಕಣದ ಬಿಸಿಲಿಗೂ ಒಲೆಯ ಪಕ್ಕಕ್ಕೂ ವೆಟ್‌ಸೂಟ್ ಹಾಕಬೇಡಿ, ನಿಯೋಪ್ರೀನ್ ಗಡುಸಾಗಿ ಬಿರಿಯುತ್ತದೆ. ಗಾಳಿಯಾಡುವ ನೆರಳಲ್ಲಿ, ಅಗಲ ಹ್ಯಾಂಗರ್‌ಗೆ ತೂಗುಹಾಕಿ.