ಹನಿ ಕೊಟ್ಟವರು ಬಹಳ, ರೆಪ್ಪೆ ಮಗುಚಿ ನೋಡಿದವರು ಒಬ್ಬರೇ

ಶಿರಸಿ ಪೇಟೆಯೊಳಗೆ, ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಕಣ್ಣಿನ ಕ್ಲಿನಿಕ್ಕಿನ ಬಗ್ಗೆ ಇದು. ಹೆಸರು ಬರೆಯುವುದಿಲ್ಲ. ಹೊಗಳಿದರೆ ಕಮಿಷನ್ ಸಿಕ್ಕಿರಬೇಕು ಅಂತೀರಿ. ಬೈದರೆ, ಇನ್ನೂ ಅದೇ ಮೆಟ್ಟಿಲು ಹತ್ತಬೇಕಾದವಳು ನಾನು. ಡಾಕ್ಟರಿಗೆ ಐದಕ್ಕೆ ಐದು. ಕಾಯುವ ಕೋಣೆಗೆ ಎರಡು, ಅದೂ ಕುಡಿಯುವ ನೀರು ಇಟ್ಟಿದ್ದಾರೆ ಅಂತ.

ನಾನು ಟೇಲರ್. ಇಪ್ಪತ್ತೆರಡು ವರ್ಷದಿಂದ ಬ್ಲೌಸು, ಚೂಡಿದಾರ ಹೊಲಿಯುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಅಂದರೆ ನಮ್ಮ ಕಸುಬಿನವರಿಗೆ ಹಬ್ಬ, ಮದುವೆ ಸೀಸನ್ ಎಲ್ಲ ಒಟ್ಟಿಗೆ ಬಂದ ಹಾಗೆ. 2024ರ ಮಾರ್ಚ್ ಜಾತ್ರೆಯ ಬಟ್ಟೆಗಳು ಕಪಾಟು ತುಂಬಿ ನೆಲಕ್ಕೆ ಬಂದಿದ್ದಾಗಲೇ ಕಣ್ಣು ಕೈಕೊಟ್ಟಿತು. ಬೆಳಿಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡಿರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಕಣ್ಣಲ್ಲಿ ಹೊಯ್ಗೆ ಹೊಕ್ಕ ಹಾಗೆ. ಮಧ್ಯಾಹ್ನದ ಮೇಲೆ ಸೂಜಿಯ ತೂತೇ ಮಸುಕು. ಎರಡು ಸಲ ರೆಪ್ಪೆ ಬಡಿದರೆ ತಿಳಿಯಾಗುತ್ತಿತ್ತು, ಅರೆ ನಿಮಿಷಕ್ಕೆ ಮತ್ತೆ ಮಂಜು. ಈ ರೆಪ್ಪೆ ಬಡಿಯುವ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಅದಕ್ಕೂ ಮುಂಚೆ ಒಂದೇ ವರ್ಷದಲ್ಲಿ ನಾಲ್ಕು ಸಲ ರೆಪ್ಪೆಯ ಮೇಲೆ ಗುಳ್ಳೆ ಎದ್ದಿತ್ತು, ಮೂರು ಸಲ ಬಲಗಣ್ಣಿನಲ್ಲೇ. ಔಷಧಿ ಅಂಗಡಿಯವನು ಮದ್ರಾಸ್ ಐ ಅಂದು ಒಂದು ಹನಿ ಕೊಟ್ಟ. ಕನ್ನಡಕದ ಅಂಗಡಿಯಲ್ಲಿ ನಂಬರ್ ಬದಲಾಗಿದೆ ಅಂದರು, ಎರಡು ಸಾವಿರದ ಎಂಟುನೂರು ಹೋಯಿತು. ಇನ್ನೊಂದು ಊರಿನಲ್ಲಿ ತೋರಿಸಿದಾಗ ಅವರು ಟಾರ್ಚ್ ಬಿಟ್ಟು ಅಲರ್ಜಿ ಅಂದು ಬೇರೆ ಹನಿ ಬರೆದುಕೊಟ್ಟರು. ಆ ಹನಿ ಮಾತ್ರ ಮಂತ್ರದಂತೆ ಕೆಲಸ ಮಾಡಿತು. ಎರಡೇ ದಿನಕ್ಕೆ ಕಣ್ಣು ಬೆಳ್ಳಗೆ. ಬಿಟ್ಟು ವಾರಕ್ಕೆ ಮೊದಲಿಗಿಂತ ಕೆಂಪು. ಬಾಟಲಿ ಖಾಲಿಯಾದಾಗ ಚೀಟಿ ಇಲ್ಲದೆಯೇ ಇನ್ನೊಂದು ತಂದೆ. ಹೀಗೆ ಐದು ಬಾಟಲಿ. ಅದು ಸ್ಟೀರಾಯ್ಡ್ ಹನಿ ಅನ್ನುವುದು ಆಮೇಲೆ ಗೊತ್ತಾಯಿತು. ಕುಮಟಾದಲ್ಲಿರುವ ಅಮ್ಮನದು ಬೇರೆಯೇ ಚಿಕಿತ್ಸೆ, ನಂದಿಬಟ್ಟಲು ಹೂ ನೆನೆಸಿದ ನೀರು. "ಜಾತ್ರೆ ಬ್ಲೌಸಿಗೆ ಬಂದವರ ಕಣ್ಣೆಲ್ಲ ನಿನ್ನ ಕಣ್ಣಿಗೇ ಬಿದ್ದದೆ" ಅಂದಳು.

ಈ ಕ್ಲಿನಿಕ್ಕಿಗೆ ಬಂದದ್ದು ಗಿರಾಕಿಯೊಬ್ಬರ ಮಾತಿಗೆ. ಫೋನಿನಲ್ಲಿ ಹತ್ತೂವರೆ ಅಂದರು. ಟೋಕನ್ ಹದಿನೇಳು. ಒಳಗೆ ಹೋದಾಗ ಒಂದು ಗಂಟೆ. ಗೋಡೆಗೆ ತಗುಲಿಸಿದ ಫ್ಯಾನು ಸೀದಾ ಮುಖಕ್ಕೇ ಹೊಡೆಯುತ್ತದೆ. ಕಣ್ಣು ಉರಿ ಅಂತ ಬಂದವರನ್ನು ಎರಡೂವರೆ ತಾಸು ಗಾಳಿಯ ಎದುರು ಕೂರಿಸುವುದು ಎಂಥ ವ್ಯವಸ್ಥೆಯೋ. ಕೌಂಟರಿನ ಹುಡುಗಿಗೆ ಹೇಳಿದೆ. "ಅದು ತಿರುಗೋದಿಲ್ಲ ಅಕ್ಕಾ" ಅಂದಳು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಕಣ್ಣು ನೋಡುವ ಮೊದಲು ಮುಖ ನೋಡಿದರು. ಅಲ್ಲೇ ನನಗೆ ಸ್ವಲ್ಪ ವಿಚಿತ್ರ ಅನ್ನಿಸಿತು. ಆಮೇಲೆ ಕೇಳಿದ್ದು:

"ಬಿಸಿ ಚಾ ಕುಡಿದರೆ ಮುಖ ಕಾಯ್ತದಾ?"

"ಬಿಸಿ ಚಾ ಕುಡಿದರೆ ಯಾರಿಗೆ ಕಾಯೋದಿಲ್ಲ ಮೇಡಂ?"

"ಎಷ್ಟು ಹೊತ್ತು?"

ಅಲ್ಲಿ ನಾನು ಸುಮ್ಮನಾದೆ. ಇಸ್ತ್ರಿ ಮಾಡಿ ಎದ್ದರೆ ಕೆನ್ನೆ, ಮೂಗು ಕಾವಲಿಯ ಹಾಗೆ ಕಾಯುತ್ತಿತ್ತು, ಒಂದು ತಾಸಾದರೂ ಆರುತ್ತಿರಲಿಲ್ಲ. ನಲವತ್ತೇಳು ವಯಸ್ಸು, ಮುಟ್ಟು ನಿಲ್ಲುವ ಕಾಲ, ಅದರದ್ದೇ ಇರಬೇಕು ಅಂದುಕೊಂಡಿದ್ದೆ. ಕನ್ನಡಿಯಲ್ಲಿ ಕೆಂಪು ಕಂಡದ್ದೇ ಇಲ್ಲ. ನನ್ನ ಬಣ್ಣ ಎಣ್ಣೆಗಪ್ಪು. ಡಾಕ್ಟರು ಹೇಳಿದ್ದು, ಇದು ರೋಸೇಶಿಯಾ, ಮುಖ ಕಾದು ಕೆಂಪೇರುವ ರೋಗ, ಇದಕ್ಕೆ ಬಿಳಿ ಚರ್ಮದವರ ರೋಗ ಅಂತ ಹೆಸರು ಬಿದ್ದಿದೆ, ನಮ್ಮಂಥ ಚರ್ಮದಲ್ಲಿ ಕೆಂಪು ಎದ್ದು ಕಾಣದ್ದಕ್ಕೆ ತಪ್ಪಿಹೋಗುತ್ತದೆ. ಅಲ್ಲದೆ ಕೆಲವರಿಗೆ ಮುಖಕ್ಕಿಂತ ಮೊದಲು ಕಣ್ಣಿಗೇ ಬರುತ್ತದೆ. ಬೆಳ್ಳಗಾಗುವ ಕ್ರೀಮು ಹಚ್ಚುತ್ತೀರಾ ಅಂತಲೂ ಎರಡು ಸಲ ಕೇಳಿದರು. ಸ್ಟೀರಾಯ್ಡ್ ಬೆರೆತ ಕ್ರೀಮನ್ನು ವರ್ಷಗಟ್ಟಲೆ ಮುಖಕ್ಕೆ ತಿಕ್ಕಿದವರಿಗೂ ಇದೇ ಥರ ಕೆಂಪೇಳುತ್ತದಂತೆ. ನಾನು ಹಚ್ಚುವುದು ಕೊಬ್ಬರಿ ಎಣ್ಣೆ ಮಾತ್ರ, ಅದೂ ತಲೆಗೆ.

ಆಮೇಲೆ ಸ್ಲಿಟ್ ಲ್ಯಾಂಪ್ ಅನ್ನುವ ಯಂತ್ರಕ್ಕೆ ಗದ್ದ ಕೊಟ್ಟು ಕೂರಿಸಿದರು. ಕಿತ್ತಳೆ ಬಣ್ಣದ ಕಾಗದದ ಪಟ್ಟಿಯೊಂದನ್ನು ಕಣ್ಣಿಗೆ ತಾಗಿಸಿ, ನೀಲಿ ಬೆಳಕು ಬಿಟ್ಟು, ರೆಪ್ಪೆ ಬಡಿಯಬೇಡಿ ಅಂದು ಎಣಿಸಿದರು. ನಾಲ್ಕಕ್ಕೇ ನಿಂತಿತು. ಕಣ್ಣೀರಿನ ಪೊರೆ ಹತ್ತು ಸೆಕೆಂಡಾದರೂ ಒಡೆಯದೆ ನಿಲ್ಲಬೇಕಂತೆ. ನನ್ನ ಮಂಜು, ರೆಪ್ಪೆ ಬಡಿದರೆ ತಿಳಿಯಾಗುವುದು, ಎಲ್ಲದಕ್ಕೂ ಅದೇ ಕಾರಣ. "ನನ್ನ ಕಣ್ಣಲ್ಲಿ ದಿನವಿಡೀ ನೀರು ಸುರೀತದೆ, ಒಣಗಿದೆ ಅಂತೀರಲ್ಲ" ಅಂದೆ. ಎಣ್ಣೆಯ ಪದರ ಇಲ್ಲದ ಕಣ್ಣೀರು ನಿಲ್ಲುವುದಿಲ್ಲ, ಬೇಗ ಆರುತ್ತದೆ, ಆರಿದ ಕಣ್ಣು ಉರಿಯುತ್ತದೆ, ಉರಿದದ್ದಕ್ಕೆ ಮತ್ತೆ ನೀರು ಸುರಿಯುತ್ತದೆ ಅಂದರು.

ಆಗ ರೆಪ್ಪೆ ಮಗುಚಿದರು. ಅಂಚನ್ನು ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಒತ್ತಿ, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದರು. ರೆಪ್ಪೆಯಂಚು ನುಣ್ಣಗಿರಬೇಕಾದದ್ದು, ಇಂಟರ್‌ಲಾಕ್ ಮಾಡದೆ ಬಿಟ್ಟ ಬಟ್ಟೆಯ ಹಾಗೆ ಏರುಪೇರು. ಅದರ ಮೇಲೆ ಕೆಂಪು ನೂಲಿನ ಎಳೆ ಎಳೆ ರಕ್ತನಾಳ. ಸಾಲಾಗಿ ಚಿಕ್ಕ ಚಿಕ್ಕ ಬಾಯಿಗಳು, ಅವುಗಳಿಂದ ಎಣ್ಣೆಯ ಬದಲು ಟೂತ್‌ಪೇಸ್ಟಿನಂತೆ ಬಿಳಿಯದೇನೋ ಹೊರಟಿತ್ತು. ಕಣ್ಣೀರಿಗೆ ಎಣ್ಣೆ ಕೊಡುವ ಮೈಬೋಮಿಯನ್ ಅನ್ನುವ ಗ್ರಂಥಿಗಳ ಬಾಯಿ ಅಂತೆ ಅವು, ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಇಷ್ಟು ವರ್ಷ ನನ್ನದೇ ರೆಪ್ಪೆಯಲ್ಲಿ ಇಷ್ಟೆಲ್ಲ ತೂತಿದ್ದದ್ದು ನನಗೆ ಗೊತ್ತಿರಲಿಲ್ಲ.

"ಡಿಸೆಂಬರಿನಲ್ಲಿ ನಿಮ್ಮನೆ ಕೊಬ್ಬರಿ ಎಣ್ಣೆ ಏನಾಗ್ತದೆ?"

"ಗಟ್ಟಿಯಾಗ್ತದೆ."

"ಏನ್ಮಾಡ್ತೀರಿ?"

"ಬಾಟಲಿ ಬಿಸಿಲಿಗಿಡ್ತೇವೆ."

"ಅಷ್ಟೇ. ನಿಮ್ಮ ರೆಪ್ಪೆಗೂ ಅದೇ ಔಷಧಿ."

ಚೀಟಿಯಲ್ಲಿ ಆಕ್ಯುಲರ್ ರೋಸೇಶಿಯಾ, ಅಂದರೆ ಕಣ್ಣಿಗೆ ಬಂದ ರೋಸೇಶಿಯಾ ಅಂತ ಬರೆದರು. ಕೇಳಿದರೆ ಗುಲಾಬಿ ಗಿಡದ ಹೆಸರಿನ ಹಾಗಿದೆ. ರಕ್ತ ತಪಾಸಣೆಯಲ್ಲಿ ಸಿಗುವ ಕಾಯಿಲೆ ಅಲ್ಲ, ನೋಡಿ ಕೇಳಿ ತಿಳಿಯುವುದು. ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿಡಬಹುದು ಅಂತ ಮುಖಕ್ಕೇ ಹೇಳಿದರು. ಐದು ಬಾಟಲಿ ಸ್ಟೀರಾಯ್ಡ್ ಹನಿಯ ಕಥೆ ಕೇಳಿ ಕಣ್ಣಿನ ಒತ್ತಡವನ್ನೂ ಅಳೆದರು. ಆ ಹನಿ ಹೆಚ್ಚಾದರೆ ಒತ್ತಡ ಏರಬಹುದು, ಕ್ಯಾಟರಾಕ್ಟ್ ಅನ್ನುವ ಪೊರೆಯೂ ಬರಬಹುದು. ನನ್ನದು ಸರಿ ಇತ್ತು. ಕಾರ್ನಿಯಾವನ್ನೂ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರವನ್ನೂ, ನೋಡಿ ಗಾಯ ಇಲ್ಲ ಅಂದರು. ಬೆಳಕು ನೋಡಲಾಗದಷ್ಟು ನೋವು ಬಂದರೆ, ರೆಪ್ಪೆ ಬಡಿದರೂ ಮಂಜು ಹೋಗದಿದ್ದರೆ, ಅವತ್ತೇ ಬರಬೇಕು, ಟೋಕನ್ ಗೀಕನ್ ಬೇಡ ಅಂದದ್ದು ನನಗೆ ಇಷ್ಟವಾಯಿತು. ಫೀಸು ನಾನೂರು.

ಈಗ ಔಷಧಿಯ ವಿಚಾರ. ಸಂರಕ್ಷಕ ಬೆರೆಸದ ಕೃತಕ ಕಣ್ಣೀರು ದಿನಕ್ಕೆ ನಾಲ್ಕು ಸಲ, ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೊಂದು ಆರು ವಾರ. ಆಂಟಿಬಯೋಟಿಕ್ ಆದರೂ ಇಲ್ಲಿ ಅದರ ಮುಖ್ಯ ಕೆಲಸ ಉರಿಯೂತ ಇಳಿಸುವುದು, ರೆಪ್ಪೆಯ ಎಣ್ಣೆ ತಿಳಿಯಾಗಿಸುವುದು. ನಾಲ್ಕು ದಿನಕ್ಕೆ ಏನೂ ಆಗುವುದಿಲ್ಲ ಅಂತ ಮೊದಲೇ ಹೇಳಿದ್ದರು, ನನಗೆ ವ್ಯತ್ಯಾಸ ತಿಳಿದದ್ದು ನಾಲ್ಕನೇ ವಾರ. ಔಷಧಿ ಅಂಗಡಿಯಲ್ಲಿ ಮಾತ್ರ ಒಂದು ಮಾತೂ ಹೇಳದೆ ಪೊಟ್ಟಣ ಕೊಟ್ಟರು. ಮೂರನೇ ರಾತ್ರಿ ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಿ ಹಾಗೇ ಮಲಗಿದೆ. ಎದೆಯ ನಡುವೆ ಕೆಂಡ ಇಟ್ಟ ಹಾಗಾಯಿತು, ಎರಡು ದಿನ ಗಂಜಿ ಇಳಿಯುವುದೂ ಕಷ್ಟ. ಊಟದ ಮೇಲೆ, ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು, ಅರ್ಧ ಗಂಟೆಯಾದರೂ ಮಲಗಬಾರದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಹಾಲು ಇದರ ಜೊತೆಗೆ ಬೇಡ, ಮಾತ್ರೆಯ ಕೆಲಸ ಕೆಡುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ: ಕುಮಟಾಕ್ಕೆ ಹೋದವಳು ಅಮ್ಮನ ಮನೆ ಅಂಗಳದಲ್ಲಿ ಒಂದು ತಾಸು ಬಟ್ಟೆ ಒಗೆದು ಮುಂಗೈ ಸುಟ್ಟುಕೊಂಡೆ. ನನ್ನ ಕಣ್ಣು ಬೆಳ್ಳಗಾದದ್ದು ಕಂಡು ಗಿರಾಕಿಯೊಬ್ಬಳು ಮಾತ್ರೆಯ ಹೆಸರು ಕೇಳಿದಳು, ಐದು ತಿಂಗಳ ಬಸುರಿ. ಕೊಡಲಿಲ್ಲ. ಬಸುರಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಈ ಮಾತ್ರೆ ಆಗುವುದಿಲ್ಲ.

ಆದರೆ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿದ್ದು ಬಿಸಿ. ದಿನಕ್ಕೆ ಎರಡು ಸಲ, ಎಂಟು ಹತ್ತು ನಿಮಿಷ, ಮುಚ್ಚಿದ ಕಣ್ಣಿನ ಮೇಲೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಒಂದೇ ನಿಮಿಷಕ್ಕೆ ಆರುತ್ತದೆ, ಎದ್ದು ಎದ್ದು ಅದ್ದುವುದೇ ಆಯಿತು. ಅದಕ್ಕೇ ಆನ್‌ಲೈನಿನಲ್ಲಿ ಮಣಿ ತುಂಬಿದ ಕಣ್ಣಿನ ಮಾಸ್ಕ್ ತರಿಸಿದೆ, ಆರುನೂರ ಐವತ್ತು. ಬಿಸಿ ಚೆನ್ನಾಗಿ ಹಿಡಿಯುತ್ತದೆ, ಅದು ಒಪ್ಪಿದೆ. ಆದರೆ ಮೈಕ್ರೋವೇವ್ ಬೇಕು, ನಮ್ಮಲ್ಲಿಲ್ಲ. ಸಂಜೆ ಸಂಜೆ ಮಾಸ್ಕ್ ಹಿಡಿದು ಮೇಲಿನ ಮನೆಯವರ ಬಾಗಿಲು ತಟ್ಟುವುದು ಎಷ್ಟು ದಿನ? ಇನ್ನು ಹೊಲಿಗೆ! ಅಂಚಿಗೆ ಕಾಲಿಂಚೂ ಬಟ್ಟೆ ಬಿಟ್ಟಿಲ್ಲ, ಒಂಟಿ ಹೊಲಿಗೆ, ಕೊನೆಯಲ್ಲಿ ಹಿಂದು ಮುಂದು ಹೊಡೆದಿಲ್ಲ. ಎರಡು ತಿಂಗಳಿಗೆ ಮೂಲೆ ಬಿಚ್ಚಿ ಮಣಿಗಳು ಹಾಸಿಗೆಯೆಲ್ಲ ಉರುಳಿದವು. ನನ್ನ ಹತ್ತಿರ ಕಲಿಯುವ ಹುಡುಗಿ ಹಾಗೆ ಹೊಲಿದಿದ್ದರೆ ಅವತ್ತೇ ಬಿಚ್ಚಿಸುತ್ತಿದ್ದೆ. ಆ ಮಾಸ್ಕಿಗೆ ಎರಡು ನಕ್ಷತ್ರ.

ಕೊನೆಗೆ ನಾನೇ ಒಂದು ಹೊಲಿದೆ. ಹಳೆಯ ಕಾಟನ್ ಲೈನಿಂಗ್ ಬಟ್ಟೆ, ಒಂಬತ್ತು ಇಂಚು ಉದ್ದ, ನಾಲ್ಕು ಅಗಲ, ಮೂಗಿನ ಹತ್ತಿರ ಬ್ಲೌಸಿನ ಕುತ್ತಿಗೆಯಂತೆ ಸ್ವಲ್ಪ ಗುಂಡಗೆ ಕತ್ತರಿಸಿದ್ದು. ಮುಕ್ಕಾಲು ಭಾಗ ಅಕ್ಕಿ ತುಂಬಿ, ನಡುವೆ ಒಂದು ಹೊಲಿಗೆ ಹಾಕಿದರೆ ಅಕ್ಕಿ ಒಂದೇ ಕಡೆ ಜಾರುವುದಿಲ್ಲ. ಅದನ್ನು ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಿ, ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಕೂರಿಸುತ್ತೇನೆ. ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ, ಹಿತವಾದರೆ ಮಾತ್ರ ಕಣ್ಣಿಗೆ. ಡಾಕ್ಟರಿಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, ಸುಟ್ಟುಕೊಳ್ಳಬೇಡಿ ಅಂದರು, ಆಮೇಲೆ ತಮ್ಮ ತಾಯಿಗೂ ಒಂದು ಹೊಲಿದುಕೊಡಿ ಅಂದರು. ಬಿಸಿಯಾದ ಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖ, ಕೆಳಗಿನದನ್ನು ಮೇಲ್ಮುಖ, ಕೂದಲಂಚಿನ ಕಡೆಗೆ ಬೆರಳಿನಿಂದ ಹಗೂರ ನೀವಿ, ಅಂಚು ಒರೆಸುವುದು. ಒರೆಸಲು ಬೇರೆಯೇ ದ್ರಾವಣ ಬರೆದುಕೊಟ್ಟಿದ್ದಾರೆ. ನಂದಿಬಟ್ಟಲು ನೀರು ಬಂದ್. ಅಮ್ಮನಿಗೆ ಈಗಲೂ ಅದೇ ಸಿಟ್ಟು.

ಕ್ಲಿನಿಕ್ಕಿನ ಮೇಲೆ ಇನ್ನೂ ಎರಡು ದೂರಿದೆ. ಚೀಟಿಯಲ್ಲಿಲ್ಲದ ಮೀನೆಣ್ಣೆ ಗುಳಿಗೆಯನ್ನು ಕೆಳಗಿನ ಕೌಂಟರಿನಲ್ಲಿ ದಾಟಿಸಲು ನೋಡಿದರು. ಮೀನು ತಿನ್ನುವವಳಿಗೆ, ಕುಮಟಾದವಳಿಗೆ! ಬಂಗಡೆ ಇದೆ, ಬೇಡ ಅಂದೆ. ಎರಡನೆಯದು, ಮುಖಕ್ಕೆ ಚರ್ಮದ ಡಾಕ್ಟರನ್ನೂ ಕಾಣಿ ಅಂದರು, ಆದರೆ ಯಾರನ್ನು, ಎಲ್ಲಿ ಅಂತ ಹೇಳುವವರಿಲ್ಲ. ಕಾರವಾರದ ಮೆಡಿಕಲ್ ಕಾಲೇಜಿಗೆ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಮೇಲೆ. ಹುಬ್ಬಳ್ಳಿಯೂ ಸುಮಾರು ನೂರು. ನಮ್ಮ ಜಿಲ್ಲೆಯಲ್ಲಿ ಯಾವ ಕಾಯಿಲೆಯಾದರೂ ಮೊದಲು ನೋಡುವುದು ಬಸ್ಸಿನ ಟೈಮು. ನಾನು ಹುಬ್ಬಳ್ಳಿಗೆ ಹೋಗಿ ಬಂದೆ, ಅಲ್ಲಿ ಹಚ್ಚಲು ಒಂದು ಜೆಲ್ ಕೊಟ್ಟರು, ಕೆನ್ನೆಯ ಕಾವು ಕಡಿಮೆಯಾಗಿದೆ.

ಪಥ್ಯ ಅಂತ ಒಂದೇ ಪಟ್ಟಿ ಎಲ್ಲರಿಗೂ ಹೊಂದುವುದಿಲ್ಲ, ಯಾವುದರಿಂದ ಏಳುತ್ತದೆ ನೀವೇ ಬರೆದಿಡಿ ಅಂದಿದ್ದರು. ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆದೆ. ನನಗೆ ಇಸ್ತ್ರಿಯ ಹಬೆ, ಬಿಸಿಲು, ಕುದಿಯುವ ಕಷಾಯ. ಖಾರದಿಂದ ಏನೂ ಆಗುವುದಿಲ್ಲ, ಪುಣ್ಯ. ಚಾ ಆರಿಸಿ ಕುಡಿಯುತ್ತೇನೆ. ಊಟಕ್ಕೆ ಅಪ್ಪೆಹುಳಿ ಇದ್ದರೆ ಅದು ತಣ್ಣಗೇ ಇರುವುದರಿಂದ ತಂಟೆಯಿಲ್ಲ. ಇಸ್ತ್ರಿ ಕೆಲಸ ಕಲಿಯುವ ಹುಡುಗಿಗೆ ಬಿಟ್ಟಿದ್ದೇನೆ.

ಮೂರನೇ ಭೇಟಿಯಲ್ಲಿ ನೀಲಿ ಬೆಳಕಿನ ಎಣಿಕೆ ಎಂಟಕ್ಕೆ ಬಂತು. ಮಾತ್ರೆ ನಿಲ್ಲಿಸಿದ್ದಾರೆ, ಬಿಸಿ ಮುಂದುವರಿದಿದೆ. ನಡುವೆ ಗಡಿಬಿಡಿಯಲ್ಲಿ ಹತ್ತು ದಿನ ಬಿಟ್ಟೆ, ಬಲಗಣ್ಣಿನ ಅದೇ ಜಾಗದಲ್ಲಿ ಗುಳ್ಳೆ ಮತ್ತೆ ಇಣುಕಿತು.

ಹೋಗುವವರಿದ್ದರೆ ಸೋಮವಾರ ಬೇಡ, ಸುತ್ತಲಿನ ಹಳ್ಳಿಗಳಿಂದೆಲ್ಲ ಬಂದಿರುತ್ತಾರೆ. ಹಾಕುತ್ತಿರುವ ಹನಿಗಳ ಬಾಟಲಿ ಎಲ್ಲ ಚೀಲದಲ್ಲಿ ತಗೊಂಡು ಹೋಗಿ, ಕೇಳಿಯೇ ಕೇಳುತ್ತಾರೆ. ಕೂರುವಾಗ ನೀರಿನ ಡ್ರಮ್ಮಿನ ಪಕ್ಕದ ಮೂಲೆ ಕುರ್ಚಿ ಹಿಡಿಯಿರಿ. ಆ ಫ್ಯಾನಿನ ಗಾಳಿ ಅಲ್ಲಿಗೆ ಮಾತ್ರ ಬರುವುದಿಲ್ಲ.