ಬೈಕಿಗೆ ಹೆಚ್ಚುವರಿ ಎಲ್‌ಇಡಿ ದೀಪ: ಹೆಡ್‌ಲೈಟ್ ವೈರಿಗೇ ಸೇರಿಸೋದಾ, ರಿಲೇ ಹಾಕೋದಾ?

ಹೆಡ್‌ಲೈಟ್ ವೈರಿಗೇ ಸೇರಿಸಿದರೆ ಕೆಲಸ ಬೇಗ, ಖರ್ಚೂ ಕಡಿಮೆ. 5 ವ್ಯಾಟಿನ ಪುಟ್ಟ ದೀಪಕ್ಕೆ ಅಷ್ಟು ಸಾಕು. ಆದರೆ 20 ವ್ಯಾಟಿನ ಎರಡು ಫಾಗ್ ಲೈಟ್ ಅಂದರೆ 12 ವೋಲ್ಟ್‌ನಲ್ಲಿ ಸುಮಾರು 3.3 ಆಂಪ್. ಅದೂ ಆ ತೆಳು ವೈರಿನ ಮೇಲೇ ಬೀಳುತ್ತದೆ ಅಲ್ವಾ? ನನ್ನ ಬೈಕಿನಲ್ಲಿ ಸ್ವಿಚ್ಚಿನ ಕನೆಕ್ಟರ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು.

ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಡಬ್ಬಿ. ಇಲ್ಲಿ ನಿಮ್ಮ ಸ್ವಿಚ್ ಬರೀ ಅದರೊಳಗಿನ ಕಾಯಿಲ್ (ತಂತಿ ಸುರುಳಿ) ಎಬ್ಬಿಸುತ್ತದೆ, 0.2 ಆಂಪ್‌ಗಿಂತ ಜಾಸ್ತಿ ಬೇಕಿಲ್ಲ. ರಿಲೇಯ ಪಿನ್ನುಗಳ ಮೇಲೆ ನಂಬರ್ ಇರುತ್ತದೆ: ಬ್ಯಾಟರಿಯಿಂದ 5 ಆಂಪ್ ಫ್ಯೂಸ್ ದಾಟಿ 30ಕ್ಕೆ, 87ರಿಂದ ದೀಪಕ್ಕೆ, 85 ಅರ್ಥ್‌ಗೆ (ಬ್ಯಾಟರಿಯ ನೆಗೆಟಿವ್). 86ಕ್ಕೆ ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ವೈರನ್ನು ಸ್ವಿಚ್ ಮೂಲಕ ತನ್ನಿ. ಇಲ್ಲದಿದ್ದರೆ ಮರೆತು ಬಿಟ್ಟ ದೀಪ ಬೆಳಗ್ಗೆಗೆ ಬ್ಯಾಟರಿ ಖಾಲಿ ಮಾಡಿರುತ್ತದೆ.

ಹೆಡ್‌ಲೈಟ್ ಎಸಿಯಲ್ಲಿ (ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗುವಾಗ ನೇರ ಬರುವ ಕರೆಂಟಿನಲ್ಲಿ) ಉರಿಯುವ ಹಳೇ ಬೈಕಾದರೆ ಯೋಚನೆಯೇ ಬೇಡ, ರಿಲೇನೇ. ಅಲ್ಲಿ ನೇರ ಸೇರಿಸಿದರೆ ಎಲ್‌ಇಡಿ ಸುಮ್ನೆ ಮಿಣುಕುತ್ತದೆ.