ನಿಲ್ಲುವ ರೀತಿಗೆ ತಕ್ಕ ಬಟ್: ಅಲ್ಯೂಮಿನಿಯಂ ಸ್ಟಾಕ್‌ನ ಏರ್ ರೈಫಲ್ ಕೆಲವು ವರ್ಷ ಬಳಸಿದ ಮೇಲೆ

ಮೈಸೂರಿನಲ್ಲಿ ನಾನು ಅಭ್ಯಾಸ ಮಾಡುವ ರೇಂಜ್‌ಗೆ ಬರುವ ಹೊಸಬರು ಬ್ಯಾರೆಲ್ ಬಗ್ಗೆ, ಟ್ರಿಗರ್ ಬಗ್ಗೆ ಕೇಳುತ್ತಾರೆ. ಬಟ್ ಪ್ಲೇಟ್, ಅಂದರೆ ರೈಫಲ್‌ನ ಹಿಂತುದಿಯಲ್ಲಿ ಹೆಗಲಿಗೆ ಒತ್ತಿಕೊಳ್ಳುವ ಭಾಗದ (ಸುಮ್ಮನೆ ಬಟ್ ಅಂತಲೂ ಅನ್ನುತ್ತೇವೆ) ಬಗ್ಗೆ ಕೇಳುವವರು ತೀರಾ ಕಡಿಮೆ. ನನ್ನ ಹತ್ತು ಮೀಟರ್ ರೈಫಲ್‌ನಲ್ಲಿ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಆ ಭಾಗದಿಂದಲೇ. ಅಲೆನ್ ಕೀ ಹಾಕಿ ಸ್ಕ್ರೂ ಸಡಿಲಿಸಿದರೆ ಅದು ಹಿಂದೆ ಮುಂದೆ ಸರಿಯುತ್ತದೆ, ಮೇಲೆ ಕೆಳಗೆ ಹೋಗುತ್ತದೆ, ಸ್ವಲ್ಪ ಓರೆಯೂ ಆಗುತ್ತದೆ. ವಾಲ್ಟರ್, ಫೈನ್‌ವೆರ್ಕ್‌ಬಾವ್, ಆನ್‌ಶುಟ್ಜ್ ಕಂಪನಿಗಳ ಅಲ್ಯೂಮಿನಿಯಂ ಸ್ಟಾಕ್‌ನ (ಬ್ಯಾರೆಲ್ ಕೂರಿಸಿರುವ, ಕೈಯಲ್ಲಿ ಹಿಡಿಯುವ ಒಡಲು) ಮ್ಯಾಚ್ ರೈಫಲ್‌ಗಳಲ್ಲೆಲ್ಲ ಈ ಅನುಕೂಲ ಇದೆ. ಹಾಗಾಗಿ ನನ್ನದು ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯವಲ್ಲ.

ಅಂಗಡಿಗಳಲ್ಲಿ ಒಂದು ಹಳೆಯ ಪರೀಕ್ಷೆ ಮಾಡಿಸುತ್ತಾರೆ. ಬಟ್ಟನ್ನು ಮೊಣಕೈ ಮಡಿಕೆಗೆ ಒತ್ತಿ ಹಿಡಿಯಬೇಕು. ತೋರುಬೆರಳು ಟ್ರಿಗರ್ ಮುಟ್ಟಿದರೆ ಸ್ಟಾಕ್ ಉದ್ದದ ಅಳತೆ ಸರಿ. ಆದರೆ ಇದು ಅಳೆಯುವುದು ಕೈಯನ್ನು ಮಾತ್ರ. ನೀವು ಹೇಗೆ ನಿಲ್ಲುತ್ತೀರಿ ಅಂತ ಅದಕ್ಕೇನು ಗೊತ್ತು? ಗುರಿಗೆ ಪೂರ್ತಿ ಪಕ್ಕ ಕೊಟ್ಟು ನಿಂತರೆ ಬಲ ಹೆಗಲು ಹಿಂದಕ್ಕೆ ಹೋಗುತ್ತದೆ, ಉದ್ದದ ಸ್ಟಾಕ್ ಆರಾಮಾಗಿ ಕೂರುತ್ತದೆ. ಎದೆ ಸ್ವಲ್ಪ ಗುರಿಯ ಕಡೆ ತಿರುಗಿದರೂ ಸಾಕು, ಹೆಗಲು ಮುಂದಕ್ಕೆ ಬರುತ್ತದೆ, ರೈಫಲ್ ಪೂರ್ತಿ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಆಗ ಅದೇ ಸ್ಟಾಕ್ ಉದ್ದ ಜಾಸ್ತಿ ಆಯಿತು ಅನ್ನಿಸುತ್ತದೆ. ಬಟ್ ಕತ್ತಿನ ಹತ್ತಿರದಿಂದ ತೋಳಿನ ಕಡೆಗೆ ಜರುಗಿದರೂ ಅಳತೆ ಬದಲಾಗುತ್ತದೆ.

ನಮ್ಮ ರೇಂಜ್‌ನಲ್ಲೇ ಇದನ್ನು ಚೆನ್ನಾಗಿ ಕಾಣಬಹುದು. ಎನ್‌ಸಿಸಿಯಲ್ಲಿ ಮಲಗಿ ಪಾಯಿಂಟ್ ಟೂಟೂ (.22 ರೈಫಲ್) ಹೊಡೆದು ಬಂದ ಹುಡುಗರು ಎದೆಯನ್ನು ಗುರಿಗೆ ಎದುರಾಗಿ ಇಟ್ಟುಕೊಂಡೇ ನಿಲ್ಲುತ್ತಾರೆ. ಕೈಲ್ ಮುಹೂರ್ತ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ರೂಢಿ ಇರುವ ನನ್ನ ಕೊಡಗಿನ ಗೆಳೆಯನದೂ ಹಾಗೇ ತೆರೆದ ನಿಲುವು. ನಾನು ಎಡ ಮೊಣಕೈಯನ್ನು ಸೊಂಟದ ಮೂಳೆಗೆ ಊರಿ, ಪಕ್ಕ ಕೊಟ್ಟು ನಿಲ್ಲುತ್ತೇನೆ. ಗೆಳೆಯನ ಎತ್ತರವೂ ನನ್ನ ಎತ್ತರವೂ ಹೆಚ್ಚುಕಡಿಮೆ ಒಂದೇ. ಆದರೂ ನನ್ನ ರೈಫಲ್ ಅವನು ಹಿಡಿದರೆ ಬಟ್ ಒಳಕ್ಕೆ ತಳ್ಳಲೇಬೇಕು.

ಸ್ಟಾಕ್ ಉದ್ದವಾದರೆ ಸೊಂಟದಿಂದ ಮೇಲೆ ಮೈ ಅತಿಯಾಗಿ ಹಿಂದಕ್ಕೆ ಬಾಗುತ್ತದೆ, ಕತ್ತು ಮುಂದಕ್ಕೆ ಚಾಚುತ್ತದೆ, ಟ್ರಿಗರ್‌ಗೆ ಬೆರಳ ತುದಿ ಮಾತ್ರ ಸಿಗುತ್ತದೆ. ಗಿಡ್ಡವಾದರೆ ಮಣಿಕಟ್ಟು ಮಡಚಿಕೊಳ್ಳುತ್ತದೆ, ಕಣ್ಣು ಹಿಂದಿನ ಸೈಟ್‌ಗೆ (ಗುರಿ ನೋಡುವ ಕಿಂಡಿ) ತೀರಾ ಹತ್ತಿರ ಬರುತ್ತದೆ. ಮ್ಯಾಚ್ ಅಂದರೆ 60 ಗುಂಡು, 75 ನಿಮಿಷ. ಗುರಿಯ ನಡುವೆ ಹತ್ತು ಅಂಕದ ಚುಕ್ಕೆಯ ಅಗಲ ಬರೀ 0.5 ಮಿ.ಮೀ. ಮೊದಲ ಇಪ್ಪತ್ತು ಗುಂಡಿಗೆ ಗೊತ್ತೇ ಆಗದ ತಪ್ಪು ಅಳತೆ ಕೊನೆಯ ಇಪ್ಪತ್ತಕ್ಕೆ ಕತ್ತು ಹಿಡಿಸಿಬಿಡುತ್ತದೆ.

ಆದ್ದರಿಂದ ಮೊದಲು ನಿಲುವು ಗಟ್ಟಿ ಮಾಡಿಕೊಳ್ಳಿ. ರೈಫಲ್ ಎತ್ತಿ ಕಣ್ಣು ಮುಚ್ಚಿ, ಒಂದೆರಡು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಸೈಟ್ ಪಕ್ಕಕ್ಕೆ ಹೋಗಿದ್ದರೆ ಪಾದ ಸರಿಸಿ, ಕೈಯಿಂದ ಎಳೆಯಬೇಡಿ. ಇದು ದಿನವೂ ಒಂದೇ ರೀತಿ ಕೂರಲು ಶುರುವಾದ ಮೇಲೆ ಬಟ್ ಮುಟ್ಟಿ. ಒಂದು ಸಲಕ್ಕೆ ಎರಡು ಮೂರು ಮಿ.ಮೀ. ಸಾಕು. ಉದ್ದ ಬದಲಿಸಿದರೆ ಕೆನ್ನೆ ಕೂರುವ ಜಾಗವೂ ಬದಲಾಗುತ್ತದೆ, ಕೆನ್ನೆ ಆನಿಸುವ ಚೀಕ್ ಪೀಸ್ ಮತ್ತೆ ನೋಡಿಕೊಳ್ಳಬೇಕು. 50 ಮೀಟರ್ ತ್ರೀ ಪೊಸಿಷನ್ ಹೊಡೆಯುವವರು ಮಂಡಿಯೂರಿ, ಮಲಗಿ, ನಿಂತು, ಮೂರಕ್ಕೂ ಬೇರೆ ಬೇರೆ ಅಳತೆ ಬರೆದಿಟ್ಟುಕೊಳ್ಳುವುದು ಸುಮ್ನೆ ಅಲ್ಲ.

ಜಾಕೆಟ್ ಮರೆಯಬೇಡಿ. ದಪ್ಪ ಕ್ಯಾನ್ವಾಸ್ ಜಾಕೆಟ್ ಹಾಕಿದ ಕೂಡಲೇ ಸ್ಟಾಕ್ ಅಷ್ಟು ಉದ್ದ ಆದ ಹಾಗೆ. ಮಾಗಿ ಚಳಿಯಲ್ಲಿ ಬೆಳಗಿನ ಅಭ್ಯಾಸಕ್ಕೆ ಒಳಗೊಂದು ದಪ್ಪ ಬನಿಯನ್ ಸೇರುತ್ತದೆ. ಆ ಒಂದೆರಡು ತಿಂಗಳು ನಾನು ಬಟ್ಟನ್ನು ಚೂರು ಒಳಕ್ಕೆ ತಳ್ಳುತ್ತೇನೆ.

ಇನ್ನು ರೈಫಲ್‌ನ ಕೊರತೆಗಳು. ಬೈಕಿನಲ್ಲಿ ಮಂಡ್ಯ, ಮೈಸೂರು ಓಡಾಡಿದರೆ ಬಟ್‌ನ ಸ್ಕ್ರೂ ಸಡಿಲವಾಗುತ್ತದೆ. ಪೆನ್ನಿನಿಂದ ಗುರುತು ಹಾಕಿಟ್ಟರೆ ಜರುಗಿದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ. ಕಳೆದುಹೋದ ಒಂದು ಸ್ಕ್ರೂಗೆ ಡೀಲರ್ ನನ್ನನ್ನು ತಿಂಗಳುಗಟ್ಟಲೆ ಕಾಯಿಸಿದರು. ಇಷ್ಟು ದುಬಾರಿ ವಸ್ತುವಿಗೆ ಇದು ಸರಿಯಲ್ಲ, ಅಲ್ವಾ? ಬೆಲೆಯೂ ಜಾಸ್ತಿಯೇ. ಮರದ ಸ್ಟಾಕ್‌ಗೆ ಬಿಲ್ಲೆ ಸೇರಿಸಿ ಉದ್ದ ಹೆಚ್ಚಿಸುವ ರೈಫಲ್ ಕಡಿಮೆಗೆ ಸಿಗುತ್ತದೆ. ನಿಲುವು ಇನ್ನೂ ಕೂರದವರಿಗೆ ಅದೇ ಸಾಕು.

ಹೈಸ್ಕೂಲು ಮಕ್ಕಳಿಗೆ ಕೊಡಿಸುವ ಅಪ್ಪ ಅಮ್ಮಂದಿರು ಬಟ್ ಎಷ್ಟು ಹೊರಗೆ ಬರುತ್ತದೆ ಅಂತ ನೋಡುವ ಮೊದಲು ಎಷ್ಟು ಒಳಗೆ ಹೋಗುತ್ತದೆ ಅಂತ ನೋಡಿ. ಮಗು ಜಾಕೆಟ್ ಹಾಕಿಕೊಂಡು, ಕೋಚ್ ಹೇಳಿಕೊಟ್ಟ ಹಾಗೆ ನಿಂತು ಹಿಡಿದಾಗ ಅತಿ ಗಿಡ್ಡ ಅಳತೆಯೂ ಉದ್ದ ಅನ್ನಿಸಿದರೆ ಆ ರೈಫಲ್ ಬೇಡ. ಬೆಳೆದ ಮೇಲೆ ಸರಿಹೋಗುತ್ತದೆ ಅಂತ ಕೊಂಡರೆ ಅಷ್ಟರಲ್ಲಿ ಹಿಂದಕ್ಕೆ ಬಾಗಿ ನಿಲ್ಲುವುದೇ ಮಗುವಿಗೆ ರೂಢಿಯಾಗಿರುತ್ತದೆ.